ಮುಳ್ಳು ನಡುವೆಯೇ ನಿಂತಿತ್ತು: ಕಲಬುರಗಿ ಬಿಸಿಲಿಗೆ ಮುಂಚೆ ಹಳೆ ಸ್ಪೋರ್ಟ್ಸ್ ಕಾರಿನ ಕೂಲಿಂಗ್ ಕೆಲಸ

ಕಾರು

2004ರ ಮಾದರಿಯ ಜರ್ಮನ್ ಟೂ-ಸೀಟರ್. ಸಾಲಾಗಿ ಆರು ಸಿಲಿಂಡರ್, 3 ಲೀಟರ್ ಪೆಟ್ರೋಲ್ ಎಂಜಿನ್, ಬ್ಲಾಕ್ (ಸಿಲಿಂಡರುಗಳಿರುವ ಒಡಲು) ಮತ್ತು ಹೆಡ್ (ಅದರ ಮೇಲಿನ ಮುಚ್ಚಳ) ಎರಡೂ ಅಲ್ಯೂಮಿನಿಯಂ. ಓಡಿದ್ದು 78,000 ಕಿ.ಮೀ. ಹೈದರಾಬಾದಿನಲ್ಲಿ ಎರಡು ಕೈ ದಾಟಿ, ಜನವರಿಯಲ್ಲಿ ಕಲಬುರಗಿಯ ಒಬ್ಬ ವ್ಯಾಪಾರಿಯ ಮನೆಗೆ ಬಂತು. ಇಲ್ಲಿ ಅವರನ್ನು ಮಾಲೀಕರು ಎಂದೂ, ಕೆಲಸ ಮಾಡಿದವರನ್ನು ಮಿಸ್ತ್ರಿ ಎಂದೂ ಕರೆದರೆ ಸಾಕು. ಕಾರಿನ ಮೇಕ್ ಕೂಡ ಬೇಕಿಲ್ಲ. ಆ ಕಾಲದ ಯುರೋಪಿನ ಕಾರುಗಳಲ್ಲಿ ಕೂಲಿಂಗ್ ವ್ಯವಸ್ಥೆಯ ಅರ್ಧಕ್ಕರ್ಧ ಪ್ಲಾಸ್ಟಿಕ್ಕೇ ಇರುವುದರಿಂದ ಇಲ್ಲಿಯ ಮಾತು ಹಲವು ಗಾಡಿಗಳಿಗೆ ಹೊಂದುತ್ತದೆ.

ಕಿಲೋಮೀಟರು ಕಡಿಮೆ ಓಡಿದೆ ಎಂಬುದನ್ನೇ ಮಾರಿದವರು ದೊಡ್ಡದಾಗಿ ಹೇಳಿದ್ದರು. ಆದರೆ ಪ್ಲಾಸ್ಟಿಕ್ ಟ್ಯಾಂಕಿಗೆ, ರಬ್ಬರ್ ಹೋಸಿಗೆ ಕಿಲೋಮೀಟರಿನ ಲೆಕ್ಕ ಗೊತ್ತಿಲ್ಲ. ಅವಕ್ಕೆ ವಯಸ್ಸಾಗುವುದು ವರ್ಷದಿಂದ, ಕಾದು ತಣಿದ ಸರದಿಯಿಂದ. ಇಪ್ಪತ್ತು ವರ್ಷದಲ್ಲಿ ಕೂಲಂಟ್, ಅಂದರೆ ಎಂಜಿನ್ ತಣಿಸುವ ದ್ರವ, ಯಾವಾಗ ಬದಲಾಯಿತು, ಏನು ಹಾಕಿದರು ಎಂಬುದಕ್ಕೆ ಒಂದು ಬಿಲ್ಲೂ ಇರಲಿಲ್ಲ.

ಮಾಲೀಕರಿಗೆ ಬೇಕಿದ್ದುದು ವಾರಕ್ಕೊಮ್ಮೆ ಬೀದರ್ ಕಡೆಗೋ ಹೈದರಾಬಾದಿಗೋ ಒಂದು ಓಟ. ಏಪ್ರಿಲ್ ಮೇ ತಿಂಗಳಲ್ಲಿ ಇಲ್ಲಿ ನೆರಳಿನಲ್ಲೇ 42 ಡಿಗ್ರಿ ದಾಟುತ್ತದೆ, ಡಾಂಬರಿನ ಮೇಲಿನ ಗಾಳಿ ಅದಕ್ಕಿಂತ ಬಿಸಿ.

ಏನೂ ಕೆಟ್ಟಿರಲಿಲ್ಲ

ಗಾಡಿ ಚೆನ್ನಾಗಿಯೇ ಓಡುತ್ತಿತ್ತು. ತೊಂದರೆ ಇದ್ದುದೇ ಅಲ್ಲಿ. ಟೆಂಪರೇಚರ್ ಮೀಟರ್ ನೋಡಿದ ಮಾಲೀಕರ ಪ್ರಶ್ನೆ ಸಹಜವಾಗಿತ್ತು: "ಮುಳ್ಳು ನಡುವೇ ಅದಲ್ಲ ಮತ್ತ, ಯಾಕ ಬಿಚ್ಚಬೇಕು?" ಮಿಸ್ತ್ರಿಯ ಉತ್ತರ: "ಮುಳ್ಳು ಮ್ಯಾಲ ಏಳೂತನ ಕಾದ್ರ ಎಂಜಿನ್ನೇ ಬಿಚ್ಚಬೇಕಾಗ್ತದ್ರೀ."

ಈ ಬಗೆಯ ಕಾರಿನ ಟೆಂಪರೇಚರ್ ಮೀಟರ್ ಇದ್ದದ್ದನ್ನು ಇದ್ದಂತೆ ತೋರಿಸುವುದಿಲ್ಲ. ಸುಮಾರು 75 ಡಿಗ್ರಿಯಿಂದ 110ರ ಆಚೆಯವರೆಗೂ ಮುಳ್ಳು ನಟ್ಟನಡುವೆ ನಿಲ್ಲುವಂತೆ ಅದನ್ನು ಹೊಂದಿಸಿರುತ್ತಾರೆ. ಮುಳ್ಳು ಸಣ್ಣಗೆ ಅಲುಗಾಡಿದರೂ ಗಿರಾಕಿ ಗಾಬರಿಯಾಗಿ ಶೋರೂಮಿಗೆ ಬರುತ್ತಾನೆಂದು ಮಾಡಿದ ಉಪಾಯ ಅದು. ಮುಳ್ಳು ಕೆಂಪಿನ ಕಡೆ ಹೊರಡುವಷ್ಟರಲ್ಲಿ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗಲು ಆರಂಭಿಸಿರಬಹುದು. ಈ ಎಂಜಿನ್‌ನಲ್ಲಿ ಇನ್ನೊಂದು ಕಂಟಕವಿದೆ: ಅತಿಯಾಗಿ ಕಾದರೆ ಹೆಡ್ ಬೋಲ್ಟಿನ ಮರೆ (ಬೋಲ್ಟ್ ಕಚ್ಚುವ ತಿರುಪಿನ ಗೀರು, ಥ್ರೆಡ್) ಅಲ್ಯೂಮಿನಿಯಂ ಬ್ಲಾಕಿನಿಂದಲೇ ಕಿತ್ತು ಬರಬಹುದು. ಆಮೇಲೆ ಹೊಸ ಗ್ಯಾಸ್ಕೆಟ್ (ಹೆಡ್ ಮತ್ತು ಬ್ಲಾಕ್ ನಡುವಿನ ಪಟ್ಟಿ) ಒಂದೇ ಹಾಕಿ ಕೂಡಿಸಲಾಗದು, ಬ್ಲಾಕಿಗೆ ಹೊಸ ಮರೆ ಕೂರಿಸಬೇಕು.

ಹಾಗಾಗಿ ಮೊದಲು ಕಾರಿನ ಕಂಪ್ಯೂಟರಿನಿಂದ ಅಂಕಿ ಓದುವ ಓಬಿಡಿ ರೀಡರ್ ಚುಚ್ಚಿ ಮೊಬೈಲಿನಲ್ಲಿ ನಿಜವಾದ ಅಂಕಿ ನೋಡಿದರು. ಫೆಬ್ರುವರಿಯ ಮಧ್ಯಾಹ್ನ, ಹೊರಗೆ 33 ಡಿಗ್ರಿ. ಹೆದ್ದಾರಿಯಲ್ಲಿ 96, ಏಸಿ ಹಾಕಿ ನಿಂತಲ್ಲೇ ಹತ್ತು ನಿಮಿಷ ಬಿಟ್ಟರೆ 104. ಥರ್ಮೋಸ್ಟ್ಯಾಟ್ (ಕಾದಾಗ ತಾನಾಗಿ ತೆರೆದು ಕೂಲಂಟನ್ನು ರೇಡಿಯೇಟರಿಗೆ ಬಿಡುವ ಬಾಗಿಲು) 97ರ ಆಸುಪಾಸಿನಲ್ಲಿ ತೆರೆಯುವ ಎಂಜಿನ್‌ಗೆ 96 ಸರಿಯೇ. 104 ಫೆಬ್ರುವರಿಗೆ ನಡೆದೀತು, ಮೇ ತಿಂಗಳಿಗೆ ಜಾಗವೇ ಉಳಿಯುವುದಿಲ್ಲ.

ಕಣ್ಣಿಗೆ ಕಂಡದ್ದೂ ಇತ್ತು. ಎಕ್ಸ್‌ಪ್ಯಾನ್ಷನ್ ಟ್ಯಾಂಕಿನ (ಕಾದು ಹಿಗ್ಗಿದ ಕೂಲಂಟಿಗೆ ಜಾಗ ಕೊಡುವ ಡಬ್ಬಿ) ಬೆಸುಗೆಯ ಗೆರೆಯುದ್ದಕ್ಕೂ ಒಣಗಿದ ಬಿಳಿ ಹುಡಿ, ಅಂದರೆ ಕಾದಾಗ ಸಣ್ಣಗೆ ಜಿನುಗಿ ತಣಿದಾಗ ಒಣಗಿದ ಗುರುತು. ನಿಲ್ಲಿಸಿದ ಮೇಲೆ ಬಾನೆಟ್ ಬಳಿ ಸಿಹಿಯಾದ ವಾಸನೆ. ತಿಂಗಳಲ್ಲಿ ಸುಮಾರು 200 ಮಿ.ಲೀ. ಕಡಿಮೆ. ನೀಲಿ ಇರಬೇಕಾದ ಕೂಲಂಟ್ ಮಜ್ಜಿಗೆ ತಿಳಿಯಂತಾಗಿತ್ತು, ಮುಚ್ಚಳದ ಒಳಬದಿಯಲ್ಲಿ ಉಗುರಿಗೆ ಸಿಗುವ ಸುಣ್ಣ. ಯಾರೋ ಬೋರ್ ನೀರು ಹಾಕುತ್ತಲೇ ಬಂದಿದ್ದರು.

ಈ ಭಾಗದವರಿಗೆ ಗಡಸು ನೀರಿನ ವಿಷಯ ವಿವರಿಸಬೇಕಿಲ್ಲ. ಶಹಾಬಾದಿನ ಹಾಸುಗಲ್ಲು, ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆ ಎಲ್ಲವೂ ನಿಂತಿರುವುದು ಸುಣ್ಣದ ಕಲ್ಲಿನ ಮೇಲೆ, ನೀರೂ ಆ ಕಲ್ಲಿನೊಳಗಿಂದಲೇ ಬರುತ್ತದೆ. ಮನೆಯ ಗೀಸರ್ ಕಾಯಿಲಿಗೆ ಹಿಡಿಯುವ ಪದರವೇ ಸಿಲಿಂಡರ್ ಸುತ್ತಲೂ ಹಿಡಿಯುತ್ತದೆ. ಫಾಸ್ಫೇಟ್ ಇರುವ ಕೂಲಂಟಿಗೆ ಇಂಥ ನೀರು ಬೆರೆತರೆ ಕ್ಯಾಲ್ಸಿಯಂ ಫಾಸ್ಫೇಟ್ ಗಸಿಯಾಗಿ ಕೆಳಗಿಳಿದು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಕೂರುತ್ತದೆ.

ಬಂದ ಸಲಹೆಗಳು, ಮಾಡಿದ ತೀರ್ಮಾನ

ಮೊದಲ ಸಲಹೆ ಎಲ್ಲ ಗ್ಯಾರೇಜಿನಲ್ಲೂ ಸಿಗುವಂಥದ್ದು: "ಥರ್ಮೋಸ್ಟ್ಯಾಟ್ ತೆಗೆದು ಒಗೀರಿ ಸಾಹೇಬ್ರ, ನಮ್ಮ ಬಿಸಲಿಗೆ ಅದು ಬ್ಯಾಡ." ಹಳೆ ಜೀಪಿನ ಕಾಲದ ಬುದ್ಧಿ ಇದು. ಈ ಎಂಜಿನ್‌ನಲ್ಲಿ ಥರ್ಮೋಸ್ಟ್ಯಾಟ್ ಎರಡು ಕೆಲಸ ಮಾಡುತ್ತದೆ: ಕಾದಾಗ ರೇಡಿಯೇಟರ್ ದಾರಿ ತೆರೆಯುತ್ತದೆ, ಅದೇ ಹೊತ್ತಿಗೆ ಬೈಪಾಸ್ ದಾರಿ ಮುಚ್ಚುತ್ತದೆ. ಅದನ್ನೇ ಕಿತ್ತರೆ ಬೈಪಾಸ್ ಸದಾ ತೆರೆದಿರುತ್ತದೆ. ಬಿಸಿ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಎಂಜಿನ್ನಿನೊಳಗೇ ಸುತ್ತುತ್ತದೆ. ಬೆಳಿಗ್ಗೆ ಎಂಜಿನ್ ಬೇಗ ಕಾಯುವುದಿಲ್ಲ, ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಸುರಿಯುತ್ತದೆ, ಎಂಜಿನ್ ಬೇಕಾದಷ್ಟು ಕಾಯುತ್ತಿಲ್ಲ ಎನ್ನುವ ಪಿ0128 ಕೋಡ್ ಬರುತ್ತದೆ. ಮಧ್ಯಾಹ್ನ ಟ್ರಾಫಿಕ್ಕಿನಲ್ಲಿ ಮೊದಲಿಗಿಂತ ಹೆಚ್ಚು ಕಾದರೂ ಕಾಯಬಹುದು. ಆ ಸಲಹೆ ಅಲ್ಲಿಗೇ ಬಿಟ್ಟರು.

ಎರಡನೆಯದು ಟ್ಯಾಂಕ್ ಒಂದನ್ನೇ ಬದಲಿಸುವುದು. ಕೇಳಲು ನ್ಯಾಯವಾಗಿದೆ, ಸೋರುತ್ತಿರುವುದು ಅದೊಂದೇ ತಾನೆ. ಆದರೆ ಈ ವ್ಯವಸ್ಥೆ ಒತ್ತಡದ ಮೇಲೆ ನಡೆಯುತ್ತದೆ. ಮುಚ್ಚಳದ ಮೇಲೆ 200 ಎಂದಿದ್ದರೆ 200 ಕಿಲೋಪಾಸ್ಕಲ್, ಅಂದರೆ 2 ಬಾರ್ ತನಕ ಹಿಡಿಯುತ್ತದೆ ಎಂದರ್ಥ. ಸುಮಾರು 450 ಮೀಟರ್ ಎತ್ತರದ ಕಲಬುರಗಿಯಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿಗಿಂತ ತುಸು ಮುಂಚೆಯೇ ಕುದಿಯುತ್ತದೆ. 1 ಬಾರ್ ಹೆಚ್ಚುವರಿ ಒತ್ತಡದಲ್ಲಿ ಸುಮಾರು 120ಕ್ಕೆ, 2 ಬಾರಿಗೆ 133ರ ಹತ್ತಿರ. ಒತ್ತಡ ಇಳಿಯದೆ ಉಳಿದರೆ ಮಾತ್ರ ಕೂಲಂಟ್ ಆವಿಯಾಗದೆ ನೀರಾಗಿಯೇ ಉಳಿಯುತ್ತದೆ. ಹಳೆ ಟ್ಯಾಂಕ್ ಸಣ್ಣಗೆ ಜಿನುಗುತ್ತ ಒತ್ತಡ ಇಳಿಸುತ್ತಿತ್ತು. ಹೊಸದು ಹಾಕಿದರೆ ಪೂರ್ತಿ ಒತ್ತಡ ಅದೇ ವಯಸ್ಸಿನ ಹೋಸ್, ಥರ್ಮೋಸ್ಟ್ಯಾಟ್ ಮನೆ (ಅದರ ಹೊರಕವಚ), ರೇಡಿಯೇಟರಿನ ಕುತ್ತಿಗೆಯ ಮೇಲೆ ಬೀಳುತ್ತದೆ.

ಕೊನೆಗೆ ತರಿಸಿದ್ದು: ಟ್ಯಾಂಕ್, ಮುಚ್ಚಳ, ಮಟ್ಟ ತೋರಿಸುವ ಸೆನ್ಸರ್, ಮನೆ ಸಮೇತ ಥರ್ಮೋಸ್ಟ್ಯಾಟ್, ಲೋಹದ ಇಂಪೆಲ್ಲರಿನ (ನೀರು ತಳ್ಳುವ ರೆಕ್ಕೆಚಕ್ರದ) ವಾಟರ್ ಪಂಪ್, ಮೇಲಿನ ಮತ್ತು ಕೆಳಗಿನ ಹೋಸ್, ಕೆಳಹೋಸಿನ ಟೆಂಪರೇಚರ್ ಸೆನ್ಸರ್, ಬೆಲ್ಟ್, ಟೆನ್ಷನರ್ ಮತ್ತು ಐಡ್ಲರ್ ಪುಲ್ಲಿ, ಸೋರದಂತೆ ತಡೆಯುವ ರಬ್ಬರ್ ಓ-ರಿಂಗುಗಳು. ರೇಡಿಯೇಟರ್ ಬಿಟ್ಟರು. ಒಟ್ಟು ಸಾಮಾನಿನ ಕಾಲು ಭಾಗದಷ್ಟು ಬೆಲೆ ಅದೊಂದಕ್ಕೇ. "ಸೋರ್ತಿಲ್ಲ, ಇರ್ಲಿ ಬಿಡ್ರಿ" ಎಂದರು ಮಾಲೀಕರು. ಮಿಸ್ತ್ರಿ ಎರಡು ಸಲ ಹೇಳಿ ಸುಮ್ಮನಾದರು. ಈ ತೀರ್ಮಾನದ ಕತೆ ಮುಂದೆ ಬರುತ್ತದೆ.

ಕೆಲಸ

ಮೊದಲು ತೊಳೆಯುವುದು, ಆಮೇಲೆ ಬಿಚ್ಚುವುದು. ಹೊಸ ಪಂಪಿನೊಳಗೆ ಹಳೆ ಗಸಿ ಸುತ್ತಬಾರದು.

ಇಡೀ ವ್ಯವಸ್ಥೆಯಲ್ಲಿ ಹಿಡಿಯುವುದು ಸುಮಾರು 8.4 ಲೀಟರ್. ರೇಡಿಯೇಟರಿನ ಕೆಳಗಿನ ಪ್ಲಗ್ ತೆಗೆದರೆ ಬಂದದ್ದು 5. ಉಳಿದ 3.4 ಲೀಟರ್ ಬ್ಲಾಕಿನಲ್ಲಿ. ಬ್ಲಾಕಿಗೆ ಬೇರೆ ಪ್ಲಗ್ ಇದೆ, ಸೈಲೆನ್ಸರ್ ಪೈಪಿನ ಬದಿಯಲ್ಲಿ. ಅದು ತುಕ್ಕು ಹಿಡಿದು ಕೂತಿತ್ತು. ಅಲ್ಯೂಮಿನಿಯಂ ಮರೆಯಲ್ಲಿ ಕೂತ ಪ್ಲಗ್ಗಿಗೆ ಪೈಪ್ ಹಾಕಿ ಜಗ್ಗುವುದಕ್ಕಿಂತ ಬಿಡುವುದೇ ಲೇಸೆಂದು ಮಿಸ್ತ್ರಿ ಕೈ ತೆಗೆದರು. ಬದಲಿಗೆ ಡಿಸ್ಟಿಲ್ಡ್ ನೀರು ತುಂಬಿ, ಹೀಟರ್ ಪೂರ್ತಿ ಬಿಸಿಗಿಟ್ಟು, ಥರ್ಮೋಸ್ಟ್ಯಾಟ್ ತೆರೆಯುವ ತನಕ ಎಂಜಿನ್ ಓಡಿಸಿ, ತಣಿಸಿ ಬಸಿದರು. ಹೀಗೆ ಮೂರು ಸಲ. ಪ್ರತಿ ಸಲ ಹಳೆಯದರಲ್ಲಿ ನೂರಕ್ಕೆ ನಲವತ್ತು ಪಾಲು ಉಳಿಯುತ್ತದೆ. ಮೂರು ತೊಳೆತದ ನಂತರ ಕೂಲಂಟ್ ತುಂಬಿದಾಗ ಅದರಲ್ಲಿ ಹಳೆಯದು ನೂರಕ್ಕೆ ಮೂರರೊಳಗೆ. ಖರ್ಚಾದದ್ದು 15 ಲೀಟರ್ ಡಿಸ್ಟಿಲ್ಡ್ ನೀರು, ಬ್ಯಾಟರಿ ಅಂಗಡಿಯಲ್ಲಿ ಸಿಗುವ ಕ್ಯಾನು. ಮೊದಲ ಬಸಿತದ ಬಕೆಟ್ಟಿನ ತಳದಲ್ಲಿ ಬೆರಳಿಗೆ ಮರಳಿನಂತೆ ಹತ್ತುವ ಬಿಳಿ ಗಸಿ ಕೂತಿತ್ತು. ಬಸಿದ ಕೂಲಂಟನ್ನು ಗಟಾರಕ್ಕೆ ಚೆಲ್ಲಬಾರದು: ಸಿಹಿ ವಾಸನೆಗೆ ನಾಯಿ ಬಂದು ನೆಕ್ಕುತ್ತದೆ, ಸ್ವಲ್ಪ ಹೊಟ್ಟೆಗೆ ಹೋದರೂ ಸಾಯಬಹುದು.

ಹಳೆ ಟ್ಯಾಂಕ್ ಹೊರ ತೆಗೆಯುವಾಗ ಹೋಸಿನ ಮೂತಿ ಕೈಯಲ್ಲೇ ಮುರಿದು ಬಂತು, ಹಪ್ಪಳದ ಹಾಗೆ, ಸದ್ದೂ ಹಾಗೆಯೇ. ವಾಟರ್ ಪಂಪಿನ ನಾಲ್ಕು ನಟ್ ತೆಗೆದ ಮೇಲೆ ಪಂಪ್ ಕದಲಲಿಲ್ಲ. ಇಲ್ಲಿ ಸ್ಕ್ರೂಡ್ರೈವರ್ ತೂರಿಸಿ ಮೀಟಿ ಮುಖ ಗೀರಿಕೊಂಡವರು ಬಹಳ. ಪಂಪಿನ ಚಾಚಿದ ಅಂಚಿನಲ್ಲೇ ಎರಡು ಖಾಲಿ ಮರೆಯ ತೂತುಗಳಿವೆ. ಅವಕ್ಕೆ 6 ಎಂ.ಎಂ. ಬೋಲ್ಟ್ ಹಾಕಿ ಆ ಕಡೆ ಅರ್ಧ ಸುತ್ತು, ಈ ಕಡೆ ಅರ್ಧ ಸುತ್ತು ಬಿಗಿಯುತ್ತ ಹೋದರೆ ಪಂಪ್ ತಾನಾಗಿ ನೇರಕ್ಕೆ ಹೊರಗೆ ಬರುತ್ತದೆ. ಹಳೆ ಪಂಪಿನ ಪ್ಲಾಸ್ಟಿಕ್ ಇಂಪೆಲ್ಲರಿನಲ್ಲಿ ನಡುವಿನ ಗುಂಬದಿಂದ ರೆಕ್ಕೆಯ ಕಡೆಗೆ ಕೂದಲೆಳೆಯ ಬಿರುಕು ಇತ್ತು. ಅದು ಪೂರ್ತಿ ಸೀಳಿದ್ದರೆ ಪುಲ್ಲಿ ತಿರುಗುತ್ತಿತ್ತು, ನೀರು ತಿರುಗುತ್ತಿರಲಿಲ್ಲ, ಸೋರಿಕೆಯ ಗುರುತೂ ಸಿಗುತ್ತಿರಲಿಲ್ಲ.

ಪಂಪ್ ನಟ್, ಥರ್ಮೋಸ್ಟ್ಯಾಟ್ ಬೋಲ್ಟ್ ಎರಡಕ್ಕೂ 10 ನ್ಯೂಟನ್ ಮೀಟರ್ ಸಾಕು. ಓ-ರಿಂಗಿಗೆ ಹಚ್ಚಿದ್ದು ಕೂಲಂಟ್ ಮಾತ್ರ, ಗ್ರೀಸೂ ಇಲ್ಲ, ಸಿಲಿಕೋನ್ ಪೇಸ್ಟೂ ಇಲ್ಲ. ಪೇಸ್ಟ್ ಉಂಡೆಯಾಗಿ ಕಿತ್ತು ಒಳಗೆ ಹೋದರೆ ಹೀಟರಿನ ಕೊಳವೆ ಕಟ್ಟುತ್ತದೆ.

ತುಂಬುವಾಗ ಒಂದು ಲೆಕ್ಕ ಬಹಳ ಜನ ತಪ್ಪುತ್ತಾರೆ. ಬ್ಲಾಕಿನಲ್ಲಿ ಬರಿ ಡಿಸ್ಟಿಲ್ಡ್ ನೀರು ಉಳಿದಿರುವಾಗ ಅರ್ಧಕ್ಕರ್ಧ ಬೆರೆಸಿದ ಕೂಲಂಟ್ ಹಾಕಿದರೆ ಒಳಗೆ ಆಗುವುದು ನೂರಕ್ಕೆ ಮೂವತ್ತರ ಹದ. ಅದಕ್ಕೇ ಮೊದಲು ನೀರು ಬೆರೆಸದ ಕೂಲಂಟ್ 4.2 ಲೀಟರ್, ಅಂದರೆ ಒಟ್ಟಿನ ಅರ್ಧ, ಪೂರ್ತಿ ಹಾಕಿ ಆಮೇಲೆ ಡಿಸ್ಟಿಲ್ಡ್ ನೀರಿನಿಂದ ಮಟ್ಟ ಸರಿಮಾಡಿದರು. ಕೂಲಂಟ್ ಎಷ್ಟು ಡಿಗ್ರಿಗೆ ಹೆಪ್ಪುಗಟ್ಟುತ್ತದೆ ಎಂದು ತೋರಿಸುವ ರಿಫ್ರಾಕ್ಟೋಮೀಟರ್ ಸೊನ್ನೆಗಿಂತ 36 ಡಿಗ್ರಿ ಕೆಳಗೆ ತೋರಿಸಿತು. ಕಲಬುರಗಿಯಲ್ಲಿ ಹೆಪ್ಪುಗಟ್ಟುವ ಮಾತು ನಗು ತರಿಸೀತು, ಆದರೆ ಅರ್ಧದ ಹದ ಸರಿಬಂದಿದೆ ಎನ್ನಲು ಆ ಅಂಕಿಯೇ ಆಧಾರ. ಬಿಸಿಲು ಜಾಸ್ತಿ ಎಂದು ಕೂಲಂಟ್ ಪಾಲು ಏರಿಸುವುದು ತಪ್ಪು, ಕೂಲಂಟಿನಲ್ಲಿರುವ ಗ್ಲೈಕಾಲ್ ನೀರಿನಷ್ಟು ಶಾಖ ಹೊರುವುದಿಲ್ಲ. ಬರಿ ನೀರು ಹೊರುತ್ತದೆ, ಆದರೆ ತುಕ್ಕು ತಡೆಯುವುದಿಲ್ಲ, ಬೇಗ ಕುದಿಯುತ್ತದೆ.

ಮೊದಲ ಓಟವೇ ಕೆಟ್ಟಿತು

ಸೇಡಂ ರಸ್ತೆಯಲ್ಲಿ ಐದು ಕಿ.ಮೀ. ಹೋಗುವಷ್ಟರಲ್ಲಿ ಮೊಬೈಲಿನಲ್ಲಿ 111. ಮುಳ್ಳು ಎಂದಿನಂತೆ ನಡುವೆ. ಹೀಟರ್ ಹಾಕಿದರೆ ತಣ್ಣನೆ ಗಾಳಿ. ಎಂಜಿನ್ ಬಿಸಿ, ಹೀಟರ್ ತಣ್ಣಗೆ ಎಂದರೆ ಒಳಗೆ ಏರ್ ಲಾಕ್, ಅಂದರೆ ಗಾಳಿ ಸಿಕ್ಕಿಕೊಂಡು ಕೂಲಂಟಿನ ದಾರಿ ತಡೆದಿದೆ. ಈ ಊರಲ್ಲಿ ಹೀಟರ್ ನಾಬ್ ಮುಟ್ಟಿದವರೇ ಕಡಿಮೆ. ಆದರೆ ಕೂಲಿಂಗ್ ಪರೀಕ್ಷೆಗೆ ಅದಕ್ಕಿಂತ ಅಗ್ಗದ ಸಾಧನವಿಲ್ಲ.

ತಪ್ಪು ಆಗಿದ್ದು ಗಾಳಿ ಬಿಡುವಾಗ. ಇಗ್ನಿಷನ್ ಆನ್ ಮಾಡದೆ ಹೀಟರ್ ನಾಬ್ ಮಾತ್ರ ತಿರುಗಿಸಿದ್ದರು. ಈ ಕಾರಿನ ಹೀಟರ್ ವಾಲ್ವ್ ಕರೆಂಟಿನಿಂದ ನಡೆಯುವಂಥದ್ದು. ಎರಡನೆಯ ಸಲ ಕಾರಿನ ಮೂತಿಯನ್ನು ಒಂದಡಿ ಎತ್ತಿ ನಿಲ್ಲಿಸಿ, ಇಗ್ನಿಷನ್ ಆನ್ ಮಾಡಿ, ಹೀಟರ್ ಗರಿಷ್ಠಕ್ಕೂ ಫ್ಯಾನ್ ಕನಿಷ್ಠಕ್ಕೂ ಇಟ್ಟು, ಟ್ಯಾಂಕಿನ ಮೇಲಿನ ಗಾಳಿ ಸ್ಕ್ರೂ ಸಡಿಲಿಸಿ, ಎಂಜಿನ್ ಹಚ್ಚದೆಯೇ ಸಣ್ಣ ಧಾರೆಯಲ್ಲಿ ಸುರಿದರು. ಗುಳ್ಳೆ ನಿಂತು ಬರಿ ಕೂಲಂಟ್ ಹೊರಬರಲು ಇಪ್ಪತ್ತು ನಿಮಿಷ ಹಿಡಿಯಿತು. ಹೆಚ್ಚುಕಡಿಮೆ ಒಂದು ಲೀಟರ್ ಒಳಗೆ ಹೋಯಿತು.

ಆಗ ಸಹಾಯಕ ಹುಡುಗ ಗಾಳಿ ಸ್ಕ್ರೂ ಬಿಗಿದ. ಅದು ಪ್ಲಾಸ್ಟಿಕ್ಕಿನದು, ಬೇಕಾದ ಬಿಗಿ 2.5 ನ್ಯೂಟನ್ ಮೀಟರ್, ಎರಡು ಬೆರಳಿನ ಕೆಲಸ. ಅಂಗೈಯಲ್ಲಿ ತಿರುಗಿಸಿದ, ತಲೆ ಚಟ್ಟನೆ ಮುರಿದು ಕಾಲು ಒಳಗೇ ಉಳಿಯಿತು. ಸಣ್ಣ ಸ್ಕ್ರೂಡ್ರೈವರ್ ಕಾಯಿಸಿ ಅದಕ್ಕೆ ಒತ್ತಿ ಗೀರು ಮಾಡಿ ಹಿಂದಕ್ಕೆ ತಿರುಗಿಸಿ ತೆಗೆದರು. ಕೆಲವರು ಇಲ್ಲಿ ಹಿತ್ತಾಳೆ ಸ್ಕ್ರೂ ಹಾಕುತ್ತಾರೆ. ಅದು ಜಾಣತನವಲ್ಲ: ಹಿತ್ತಾಳೆ ಮುರಿಯುವುದಿಲ್ಲ, ಟ್ಯಾಂಕಿನ ಪ್ಲಾಸ್ಟಿಕ್ ಮರೆ ತಿಂದು ಹೋಗುತ್ತದೆ. ಅಗ್ಗದ ಸ್ಕ್ರೂ ಮುರಿಯಲಿ. ಎರಡು ಹೆಚ್ಚಿಗೆ ತಂದಿಟ್ಟುಕೊಂಡರಾಯಿತು.

ಆಮೇಲೆ ಕೈಪಂಪಿನ ಟೆಸ್ಟರ್ ಹಚ್ಚಿ, ತಣ್ಣಗಿದ್ದಾಗ 1.5 ಬಾರ್ ಏರಿಸಿ ಹದಿನೈದು ನಿಮಿಷ ಬಿಟ್ಟರು. ಟೆಸ್ಟರಿನ ಮುಳ್ಳು ಇಳಿಯಲಿಲ್ಲ.

ತೊಗರಿ ಹೊಟ್ಟು

ಏಪ್ರಿಲ್ ಮೊದಲ ವಾರ, ಹೊರಗೆ 41. ಹೆದ್ದಾರಿಯಲ್ಲಿ 97, ಚೆನ್ನ. ಏಸಿ ಹಾಕಿ ನಿಂತರೆ ಮತ್ತೆ 109. ಎಲ್ಲವೂ ಹೊಸದು, ಗಾಳಿಯೂ ಇಲ್ಲ, ಫ್ಯಾನ್ ಜೋರಾಗಿಯೇ ತಿರುಗುತ್ತಿದೆ. ಹೆದ್ದಾರಿಯಲ್ಲಿ ತಣ್ಣಗಿದ್ದು ನಿಂತಾಗ ಮಾತ್ರ ಕಾದರೆ ದೋಷ ನೀರಿನ ದಾರಿಗಿಂತ ಗಾಳಿಯ ದಾರಿಯಲ್ಲಿರುವುದು ಹೆಚ್ಚು. ಅದಕ್ಕೆ ತದ್ವಿರುದ್ಧವಾಗಿ, ವೇಗದಲ್ಲಿ ಹೋಗುವಾಗ ಕಾಯುತ್ತಿದ್ದರೆ ಪಂಪು, ಕಟ್ಟಿದ ಕೊಳವೆ ನೋಡಬೇಕು.

ಮುಂದಿನಿಂದ ನೋಡಿದರೆ ಏಸಿ ಕಂಡೆನ್ಸರ್ ಚೊಕ್ಕಟ. ಫ್ಯಾನ್ ಕವಚ ಇಳಿಸಿ ರೇಡಿಯೇಟರನ್ನು ತುಸು ಹಿಂದಕ್ಕೆ ಎಳೆದಾಗ ಗೊತ್ತಾಯಿತು: ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಬೆರಳಗಲ ಸಂದಿಯಲ್ಲಿ ಕೆಳಗಿನ ಮೂರನೇ ಒಂದು ಭಾಗ ಕಂಬಳಿಯಂತೆ ಹೆಣೆದುಕೊಂಡಿತ್ತು. ಧೂಳು, ಎಣ್ಣೆ ಪಸೆ, ತೊಗರಿ ಹೊಟ್ಟು. ಜನವರಿಯಲ್ಲಿ ಕಾರು ಊರಿಗೆ ಬಂದದ್ದು ಸರಿಯಾಗಿ ತೊಗರಿ ರಾಶಿಯ ಹೊತ್ತಿಗೆ. ಹಳ್ಳಿ ರಸ್ತೆಯಲ್ಲೇ ರಾಶಿ ನಡೆದಿರುತ್ತದೆ, ಗಾಡಿಗಳು ಅದರ ಮೇಲೇ ಹೋಗುತ್ತವೆ. ನೆಲಕ್ಕೆ ತಾಗುವಂತಿರುವ ಈ ಕಾರಿನ ಮೂತಿ ಹೊಟ್ಟನ್ನು ಬಾಚಿ ಒಳಗೆಳೆದುಕೊಂಡಿತ್ತು. ವಾಷಿಂಗ್ ಸೆಂಟರಿನಲ್ಲಿ ಮುಂದಿನಿಂದ ಜೋರು ನೀರು ಹೊಡೆದು ಅದನ್ನು ಇನ್ನಷ್ಟು ಒಳಗೆ ದೂಡಿದ್ದರು, ಸೂಕ್ಷ್ಮ ಅಲ್ಯೂಮಿನಿಯಂ ಪದರಗಳೂ ಅಲ್ಲಲ್ಲಿ ಮಡಚಿದ್ದವು.

ತೊಳೆಯಬೇಕಾದದ್ದು ಹಿಂದಿನಿಂದ ಮುಂದಕ್ಕೆ, ತೋಟದ ಪೈಪಿನ ನೀರಿನಲ್ಲಿ, ಮೆತ್ತನೆ ಬ್ರಷ್ಷಿನಲ್ಲಿ. ಮಗ್ಗಿನಷ್ಟು ಹೊಟ್ಟು ಬಂತು. ಅದೇ ಬಿಸಿಲಿನಲ್ಲಿ, ಅದೇ ಜಾಗದಲ್ಲಿ ನಿಲ್ಲಿಸಿ ನೋಡಿದರೆ 101. ಅಷ್ಟೆಲ್ಲ ಹೊಸ ಸಾಮಾನು ಇಳಿಸಲಾಗದ ಎಂಟು ಡಿಗ್ರಿಯನ್ನು ಎರಡು ಗಂಟೆಯ ತೊಳೆತ ಇಳಿಸಿತು. ಹಾಗೆಂದು ಸಾಮಾನಿನ ಖರ್ಚು ವ್ಯರ್ಥವಾಗಲಿಲ್ಲ, ಎರಡೂ ಬೇರೆ ಬೇರೆ ರೋಗ.

ಬಿಟ್ಟದ್ದು ಕೈ ಕೊಟ್ಟಿತು

ಮಿಸ್ತ್ರಿ ಓಬಿಡಿ ಆ್ಯಪಿನಲ್ಲಿ 108ಕ್ಕೆ ಅಲಾರಂ ಇಟ್ಟು ಮಾಲೀಕರಿಗೆ ಇನ್ನೊಂದು ಮಾತು ಹೇಳಿದ್ದರು: "ಏರಿದ್ದು ದಡಕ್ಕನೆ ಇಳೀತಂದ್ರ ಖುಷಿ ಆಗಬ್ಯಾಡ್ರಿ, ಆವಾಗ್ಲೇ ನಿಲ್ಲಸ್ರಿ."

ಮೇ ಕೊನೆಯಲ್ಲಿ ಹುಮನಾಬಾದ್ ಕಡೆಯಿಂದ ಬರುವಾಗ, ಕೆಂಪು ಬಾಳೆಯ ಕಮಲಾಪುರ ಇನ್ನೂ ದೂರವಿರುವಾಗಲೇ ಅಲಾರಂ ಕೂಗಿತು. 109. ಮಾಲೀಕರು ಏಸಿ ಆರಿಸಿ ಹೀಟರ್ ಪೂರ್ತಿ ಹಾಕಿದರು. ಅರ್ಧ ನಿಮಿಷದಲ್ಲಿ ಅಂಕಿ 92ಕ್ಕೆ ಬಿತ್ತು, ಹೀಟರಿನಿಂದ ಬರುತ್ತಿದ್ದ ಬಿಸಿ ಗಾಳಿ ತಣ್ಣಗಾಯಿತು. ಆ ಮಾತು ಕೇಳಿರದಿದ್ದರೆ ಯಾರಾದರೂ ಸಮಾಧಾನಪಟ್ಟು ಊರು ಸೇರುವ ತನಕ ಓಡಿಸುತ್ತಿದ್ದರು. ಸೆನ್ಸರ್ ಅಳೆಯುವುದು ತನ್ನನ್ನು ಮುಳುಗಿಸಿರುವ ಕೂಲಂಟಿನ ಶಾಖವನ್ನು. ಕೂಲಂಟ್ ಖಾಲಿಯಾಗಿ ಸೆನ್ಸರ್ ಬರಿ ಗಾಳಿಯಲ್ಲಿ ಉಳಿದರೆ ಲೋಹ ಕಾಯುತ್ತಿದ್ದರೂ ಅಂಕಿ ಇಳಿಯುತ್ತದೆ. ಅವರು ರಸ್ತೆ ಬದಿಗೆ ತಂದು ಎಂಜಿನ್ ಆರಿಸಿದರು, ಮುಚ್ಚಳ ಮುಟ್ಟಲಿಲ್ಲ, ಗಾಡಿಯನ್ನು ಹೊತ್ತೊಯ್ಯುವ ಲಾರಿ ಕರೆಸಿದರು. ಅಲಾರಂ ಕೂಗಿದಲ್ಲಿಂದ ನಿಂತಲ್ಲಿಗೆ ಒಂದೂವರೆ ಕಿ.ಮೀ. ಒಳಗೆ.

ರೇಡಿಯೇಟರಿನ ಪ್ಲಾಸ್ಟಿಕ್ ಕುತ್ತಿಗೆ, ಮೇಲಿನ ಹೋಸ್ ಕೂರುವ ಜಾಗ, ಅರ್ಧ ಸುತ್ತು ಸೀಳಿತ್ತು. ಹೊಸ ಹೋಸ್ ಹಾಗೇ ಇತ್ತು.

ತಣಿದ ಮೇಲೆ ಎಂಜಿನ್ನಿಗೆ ಪೆಟ್ಟಾಗಿದೆಯೇ ಎಂದು ನೋಡಲು ಹೊಸ ರೇಡಿಯೇಟರ್ ಹಾಕಿ, ಟ್ಯಾಂಕಿನ ಬಾಯಿಗೆ ನೀಲಿ ದ್ರವದ ಪರೀಕ್ಷಾ ಕೊಳವೆ ಹಿಡಿದರು. ಹೆಡ್ ಗ್ಯಾಸ್ಕೆಟ್ ಹೋಗಿ ಹೊಗೆ ಕೂಲಂಟಿಗೆ ಸೇರುತ್ತಿದ್ದರೆ ದ್ರವ ಹಳದಿಯಾಗುತ್ತದೆ. ಹದಿನೈದು ನಿಮಿಷವಾದರೂ ನೀಲಿಯೇ ಇತ್ತು. ಆರು ಸಿಲಿಂಡರಿನ ಕಂಪ್ರೆಷನ್ನೂ ಸರಿಸಮ ಬಂತು. ಕಳೆದ ಕೂಲಂಟ್, ಲಾರಿ ಬಾಡಿಗೆ, ಎರಡನೆಯ ಸಲದ ಕೂಲಿ ಸೇರಿಸಿದರೆ ಫೆಬ್ರುವರಿಯಲ್ಲೇ ರೇಡಿಯೇಟರ್ ಹಾಕಿಸಿದ್ದರೆ ಆಗುತ್ತಿದ್ದ ಖರ್ಚಿಗಿಂತ ಜಾಸ್ತಿಯೇ ಆಯಿತು.

ಹಳೆ ರೇಡಿಯೇಟರನ್ನು ಕೊಯ್ದು ನೋಡಿದಾಗ ತುದಿಯ ಏಳೆಂಟು ಕೊಳವೆಗಳ ಬಾಯಿ ಸುಣ್ಣದಿಂದ ಪೂರ್ತಿ ಮುಚ್ಚಿತ್ತು. ಮೂರು ತೊಳೆತ ಅದನ್ನು ಕದಲಿಸಿರಲಿಲ್ಲ. ಸೋರುತ್ತಿಲ್ಲ ಎಂಬುದನ್ನು ಮಾತ್ರ ನೋಡಿ ಉಳಿಸಿಕೊಂಡದ್ದರಿಂದ ಒಳಗೆ ಕಟ್ಟಿದೆಯೇ ಎಂಬ ಪ್ರಶ್ನೆ ಆಗ ಎದ್ದಿರಲೇ ಇಲ್ಲ. ಕಾದ ಎಂಜಿನ್‌ನಲ್ಲಿ ರೇಡಿಯೇಟರ್ ಮುಖದುದ್ದಕ್ಕೂ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದಿದ್ದರೆ ಬಿಸಿ ಕೂಲಂಟ್ ಹೋಗದ ಆ ಕೊಳವೆಗಳ ತಣ್ಣನೆ ಪಟ್ಟೆ ಫೆಬ್ರುವರಿಯಲ್ಲೇ ಸಿಗುತ್ತಿತ್ತು.

ಈಗ ಕಾರಿನ ಡಿಕ್ಕಿಯಲ್ಲಿ ಎರಡು ಲೀಟರ್ ಡಿಸ್ಟಿಲ್ಡ್ ನೀರು, ಎರಡು ಗಾಳಿ ಸ್ಕ್ರೂ ಇರುತ್ತವೆ. ಕೂಲಂಟ್ ಎರಡು ವರ್ಷಕ್ಕೊಮ್ಮೆ, ಸಂದಿಯ ತೊಳೆತ ಪ್ರತಿ ವರ್ಷ ತೊಗರಿ ರಾಶಿ ಮುಗಿದ ಮೇಲೆ. ಹಾಕಿದ ತಿಂಗಳು, ವರ್ಷ, ಕಿಲೋಮೀಟರನ್ನು ಪೇಂಟ್ ಪೆನ್ನಿನಿಂದ ಟ್ಯಾಂಕಿನ ಮೇಲೇ ಬರೆದಿದೆ. ಡ್ಯಾಶ್‌ಬೋರ್ಡಿನ ಹಿಂದಕ್ಕೆ ಹೋಗುವ ಎರಡು ಹೀಟರ್ ಹೋಸ್ ಮಾತ್ರ ಇನ್ನೂ 2004ರವೇ. ಅವನ್ನು ದೀಪಾವಳಿಗೆ ಮುಂಚೆ ಬದಲಿಸಲು ಈ ಸಲ ಮಾಲೀಕರೇ ಆರ್ಡರ್ ಹಾಕಿದ್ದಾರೆ.